ಪೂರ್ತಿ ಮಲಗದ ಎಕ್ಸ್

ಹತ್ತೊಂಬತ್ತು ವರ್ಷ ರಾಯಚೂರಿನ ಪಿಯು ಕಾಲೇಜೊಂದರಲ್ಲಿ ನಾನು ಒಂದು ಅರೆಸತ್ಯವನ್ನು ಪೂರ್ಣ ಆತ್ಮವಿಶ್ವಾಸದಿಂದ ಪಾಠ ಮಾಡಿದ್ದೇನೆ. ಹೆಂಗಸರ ಜೀವಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಭ್ರೂಣ ಇನ್ನೂ ಸಣ್ಣದಿರುವಾಗಲೇ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಮಲಗಿಬಿಡುತ್ತದೆ, ಮತ್ತೆ ಏಳುವುದಿಲ್ಲ ಎನ್ನುವುದು ಆ ಪಾಠ. "ಮಲಗಿಬಿಡುತ್ತದೆ" ಎನ್ನುವಾಗ ಕೊನೆಯ ಬೆಂಚಿನ ಕಡೆ ನೋಡುತ್ತಿದ್ದೆ. ತರಗತಿ ನಗುತ್ತಿತ್ತು. ನನ್ನಂಥ ಗಂಡಸರಿಗೆ ಇರುವುದೇ ಒಂದು ಎಕ್ಸ್, ಅದಕ್ಕೆ ಮಲಗುವ ಸೌಲಭ್ಯವಿಲ್ಲ. ಭಾನುವಾರ ಮಧ್ಯಾಹ್ನ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ.

ನನ್ನ ತಂಗಿ ವನಮಾಲಾ ದೇವದುರ್ಗದ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ನಾಲ್ಕು ವರ್ಷದ ಹಿಂದೆ ಅವಳ ಬೆರಳ ಗಂಟುಗಳು ಬಾತವು, ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗತೊಡಗಿತು. ಬಿಸಿಲಿಗೆ ಹೋಗಬಾರದ ಕಾಯಿಲೆಗೆ ನಮ್ಮ ಜಿಲ್ಲೆಗಿಂತ ತಪ್ಪು ವಿಳಾಸ ಸಿಗಲಿಕ್ಕಿಲ್ಲ. ಡಾಕ್ಟರು ಲೂಪಸ್ ಎಂದರು: ರೋಗಾಣುಗಳೊಡನೆ ಹೋರಾಡಬೇಕಾದ ಕೋಶಗಳು ಸ್ವಂತ ಮೈಯನ್ನೇ ವೈರಿಯೆಂದು ತಿಳಿಯುವ ಕಾಯಿಲೆ, ಹೆಚ್ಚಾಗಿ ಹೆಂಗಸರಿಗೇ ಬರುವಂಥದ್ದು. ಬಂಧುಗಳು ಕಾರಣ ಹುಡುಕಿದರು. ಏಕಾದಶಿ ಉಪವಾಸ ಅತಿಯಾಗಿ ಮಾಡಿದ್ದಕ್ಕೆ ಎಂದರು ಒಬ್ಬರು, ಬಿಟ್ಟಿದ್ದಕ್ಕೆ ಎಂದರು ಇನ್ನೊಬ್ಬರು. ಜೀವಶಾಸ್ತ್ರ ಓದಿದ ನಾನೂ ಒಂದು ದಿನ, ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದುಬಿಟ್ಟೆ. ಅವಳು ಮಾತ್ರೆ ತಪ್ಪಿಸಲಿಲ್ಲ, ಆದರೆ ಯಾರ ಮುಂದೆಯೂ ಕಾಯಿಲೆಯ ಹೆಸರೆತ್ತುವುದನ್ನು ಬಿಟ್ಟಳು.

ಹೋದ ವರ್ಷ ನಸೀಮಾ ಬಂದಳು. ಮಾನ್ವಿಯ ಬಳೆ ಅಂಗಡಿಯವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಸಂಶೋಧಕಿ. ಲೂಪಸ್ ಇರುವ ಮತ್ತು ಇಲ್ಲದ ಹೆಂಗಸರ ರಕ್ತ ಸಂಗ್ರಹಿಸಲು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಬಂದಿದ್ದಳು. ಮನೆಗೆ ಕರೆದೆ. ಅಂದು ವನಮಾಲಾಳೂ ಇದ್ದಳು. ಚಹಾ ಕುಡಿಯುತ್ತ, ಮಲಗುವ ಎಕ್ಸಿನ ಹಳೆಯ ಜೋಕು ನೆನಪಿಸಿದೆ. ನಸೀಮಾ ಕಪ್ಪು ಕೆಳಗಿಟ್ಟಳು.

"ಸಿಟ್ಟಾಗಬ್ಯಾಡ್ರಿ ಸರ್, ಅದು ಪೂರಾ ಮಲಗಂಗಿಲ್ರಿ. ಅದರಾಗ ಕೆಲವು ಜೀನ್ ಎದ್ದೇ ಇರ್ತಾವ."

ಆಮೇಲೆ ಬಿಡಿಸಿ ಹೇಳಿದಳು. ಮೊದಲೆಲ್ಲ ರಕ್ತದ ಕೋಶಗಳನ್ನು ಒಟ್ಟಿಗೆ ಅಳೆಯುತ್ತಿದ್ದರಂತೆ. ಅದು ಇಡೀ ತರಗತಿಯ ಸರಾಸರಿ ಅಂಕ ನೋಡಿದ ಹಾಗೆ; ಯಾರು ಪಾಸು, ಯಾರು ನಪಾಸು ತಿಳಿಯದು. ಈಗ ಒಂದೊಂದೇ ರೋಗನಿರೋಧಕ ಕೋಶವನ್ನು ಬೇರ್ಪಡಿಸಿ, ಅದರೊಳಗೆ ಯಾವ ಎಕ್ಸಿನ ಯಾವ ಜೀನು ಕೆಲಸ ಮಾಡುತ್ತಿದೆ ಎಂದು ನೋಡುತ್ತಾರೆ. ಒಂದು ಕೋಶದಲ್ಲಿ ತಾಯಿಯ ಎಕ್ಸ್ ಕೆಲಸದಲ್ಲಿದ್ದರೆ ಪಕ್ಕದ್ದರಲ್ಲಿ ತಂದೆಯದು. ಕೆಲವು ಕೋಶಗಳಲ್ಲಿ ಮಲಗಿದ ಎಕ್ಸಿನ ಜೀನೂ ಸುಮ್ಮನಿರದೆ ದುಡಿಯುತ್ತಿರುತ್ತದೆ. ಹೆಂಗಸರಿಗೆ ಈ ಕಾಯಿಲೆ ಹೆಚ್ಚಾಗಿ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ವನಮಾಲಾ ಕೇಳಿದಳು: "ಹಂಗಾದ್ರ ನಾ ಏನೋ ತಪ್ಪು ಮಾಡೀನಿ ಅಂತ ಬಂದದ್ದಲ್ಲ ಇದು?"

"ಅಲ್ರಿ ಅಕ್ಕಾ," ಎಂದಳು ನಸೀಮಾ. "ನೀವೇನೂ ತಪ್ಪು ಮಾಡಿಲ್ರಿ."

ವನಮಾಲಾ ಎದ್ದು ಹೋಗಿ ಮುಖ ತೊಳೆದು ಬಂದಳು. ತನ್ನ ರಕ್ತವನ್ನೂ ತೆಗೆದುಕೊಳ್ಳಲು ಹೇಳಿದಳು. ನಸೀಮಾ ಆತುರಪಡಲಿಲ್ಲ. ನಾಳೆ ಆಸ್ಪತ್ರೆಯಲ್ಲಿ ಕಾಗದ ಓದಿ, ಒಪ್ಪಿಗೆಯಾದರೆ ಮಾತ್ರ ಸಹಿ ಮಾಡಿ ಎಂದಳು. ಇದರಿಂದ ನಿಮ್ಮ ಕಾಯಿಲೆ ವಾಸಿಯಾಗುತ್ತದೆಂದು ಹೇಳಲಾರೆ, ಮುಂದಿನವರಿಗೆ ಉಪಯೋಗವಾಗಬಹುದು ಎಂದೂ ಹೇಳಿದಳು. ತಂಗಿ ಅದಕ್ಕೂ ಒಪ್ಪಿದಳು.

ನಸೀಮಾ ಹೋದ ಮೇಲೆ, ಊಟದ ವಿಷಯದಲ್ಲಿ ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಇರಲಿ ಬಿಡಣ್ಣಾ," ಎಂದಳು ವನಮಾಲಾ, "ಇರೋದೊಂದೇ ಎಕ್ಸ್. ಎಷ್ಟಂತ ತಿಳೀತದ ಪಾಪ."

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಗಿಲ್ಲೆಸುಗೂರಿನ ಹುಡುಗಿಯೊಬ್ಬಳು ದುಪ್ಪಟ್ಟಾದಿಂದ ಕೆನ್ನೆ ಮುಚ್ಚಿಕೊಂಡು ಅಳುತ್ತಿದ್ದಳು. ಕಾಯಿಲೆ ಲೂಪಸ್ ಎಂದು ಆಗಷ್ಟೇ ಗೊತ್ತಾಗಿತ್ತು. ನಾನು ಸಮಾಧಾನದ ನಾಲ್ಕು ಮಾತು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ವನಮಾಲಾ ಹೋಗಿ ಪಕ್ಕದಲ್ಲಿ ಕೂತಿದ್ದಳು.

"ನನಗೂ ಲೂಪಸ್ ಅದವ್ವಾ. ಮೂರು ವರ್ಷ ಆತು. ದಿನಾ ಸಾಲಿಗಿ ಹೋಗ್ತೀನಿ."

ಹುಡುಗಿ ಅವಳ ಕೆನ್ನೆಯನ್ನೇ ದಿಟ್ಟಿಸಿದಳು. ನಿಧಾನಕ್ಕೆ ದುಪ್ಪಟ್ಟಾ ಸರಿಸಿದಳು.

ಫಲಿತಾಂಶಕ್ಕೆ ವರ್ಷಗಳು ಬೇಕು ಎಂದಿದ್ದಾಳೆ ನಸೀಮಾ. ಬರಲಿ, ಕಾಯುತ್ತೇವೆ. ಆ ಹುಡುಗಿ ವಾರಕ್ಕೊಮ್ಮೆ ವನಮಾಲಾಗೆ ಫೋನು ಮಾಡುತ್ತಾಳೆ. ನಾನು ಪಕ್ಕದಲ್ಲೇ ಇದ್ದರೂ ಇಬ್ಬರೂ ನನ್ನ ಸಲಹೆ ಕೇಳುವುದಿಲ್ಲ. ಚಿಕಿತ್ಸೆ ಸರಿಯಾದ ದಾರಿಯಲ್ಲೇ ಸಾಗಿದೆ ಎಂದುಕೊಳ್ಳುತ್ತೇನೆ.