ನಾಲೆಯಂಚಿನ ಡೈನೋಸಾರು

ನೀರಗಂಟಿ ಜವರಯ್ಯ ನನ್ನ ಸೋದರಮಾವ. ಪಾಂಡವಪುರದ ಕಡೆಯ ನಾಲೆಯಲ್ಲಿ ತೂಬು ಎತ್ತಿ ಇಳಿಸುವುದು ಕೆಲಸ, ಕನಸು ಕಾಣುವುದು ಕಸುಬು. ಮೊಮ್ಮಗಳು ಹೇಮಶ್ರೀಯ ಪುಸ್ತಕದಲ್ಲಿ ಡೈನೋಸಾರಿನ ಚಿತ್ರ ನೋಡಿದ ಮೇಲೆ ಅವನು ಅವನಾಗಿ ಉಳಿಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕುಂತಿಬೆಟ್ಟವೇ ಅವನಿಗೆ ಮಲಗಿದ ಪ್ರಾಣಿಯ ಬೆನ್ನು. ಕಬ್ಬು ಅಲ್ಲಾಡಿದರೆ ಒಳಗಿನಿಂದ ಉದ್ದ ಕತ್ತೊಂದು ಏಳುತ್ತಿತ್ತು.

1994ರ ಬೇಸಿಗೆ. ನಾಲೆಯಲ್ಲಿ ನೀರಿರಲಿಲ್ಲ. ಅತ್ತೆಯ ತವರಿನ ಹೊಲದ ಪಕ್ಕ ಏರಿ ಕುಸಿದು ಬೆನ್ನುಮೂಳೆ ಕಂಡಿತು. ಮಾವ ಅಲ್ಲೇ ಕುಕ್ಕರಿಸಿದ.

"ಮರಿ ಇರ್ಬೇಕು ಕಣ್ಲಾ. ತಾಯಿ ಇನ್ನೂ ಕೆಳಗೈತೆ."

ಮೈಸೂರಿನ ಕಾಲೇಜು ಮೇಷ್ಟ್ರೊಬ್ಬರಿಗೆ ನನ್ನ ಕೈಲೇ ಕಾಗದ ಬರೆಸಿದ. ಭಾನುವಾರ ಬರುತ್ತೇನೆಂದು ಉತ್ತರ ಬಂತು. ಊರು ನಗುತ್ತಿತ್ತು, ಮಾವ ಎಲುಬುಗಳನ್ನು ಕೂಸಿಗೆ ಸ್ನಾನ ಮಾಡಿಸುವಂತೆ ತೊಳೆಯುತ್ತಿದ್ದ.

ಅತ್ತೆ ಚಿಕ್ಕಬೋರಮ್ಮ ಬುತ್ತಿ ತಂದರೂ ಏರಿಯ ಈಚೆಗೇ ನಿಲ್ಲುತ್ತಿದ್ದಳು. ತವರಿನ ಹೊಲ ಮೆಟ್ಟಿ ಮೂವತ್ತೆರಡು ವರ್ಷವಾಗಿತ್ತು. ಚೊಚ್ಚಲ ಹೆರಿಗೆಗೆ ಹೋದಾಗ ಅವಳು ಕರುವಿನಿಂದ ಸಾಕಿದ ಎತ್ತು ಮಲ್ಲ ಕೊಟ್ಟಿಗೆಯಲ್ಲಿರಲಿಲ್ಲ. "ಮಾರ್ಬುಟ್ಟೆ ಕಣವ್ವ" ಅಂದಿದ್ದ ಅವಳಪ್ಪ. ಅವಳು ತುಂಬು ಬಸುರಿ, ಅದೇ ಗಾಡಿಯಲ್ಲಿ ವಾಪಸು ಬಂದಳು. ಅಪ್ಪ ಸಾಯುವವರೆಗೂ ಮಾತಾಡಿಸಲಿಲ್ಲ. ಅಂಥ ಹಟ ನಾನು ಇನ್ನೆಲ್ಲೂ ನೋಡಿಲ್ಲ.

ಶನಿವಾರ ತಲೆಬುರುಡೆ ಸಿಕ್ಕಿತು. ಕೊಂಬಿನ ತುದಿಯಲ್ಲಿ ಟೊಪ್ಪಿಯಂಥ ಹಿತ್ತಾಳೆಯ ಗೊಣಸು. ಅದರ ಮೇಲೆ ಮೊಳೆಯಲ್ಲಿ ಗೀರಿದ ಸೊಟ್ಟ ಹೂವು. ಮಾವನ ಮದುವೆಯ ಗಾಡಿ ಎಳೆದವನು ಮಲ್ಲನೇ. ಗೊಣಸಿನ ಗುರುತು ಮಾವನಿಗೆ ಹತ್ತಿತು. ಅದನ್ನು ಜೇಬಿಗೆ ಹಾಕಿಕೊಂಡ. ಸುಮ್ಮನಿದ್ದರೆ ಇನ್ನೊಂದು ದಿನವಾದರೂ ಡೈನೋಸಾರು ಅವನದೇ ಆಗಿರುತ್ತಿತ್ತು. ಬಹಳ ಹೊತ್ತು ಕಬ್ಬಿನ ಕಡೆ ನೋಡುತ್ತ ಕೂತಿದ್ದ.

ಆಮೇಲೆ ಬುತ್ತಿ ತಂದು ನಿಂತಿದ್ದ ಅತ್ತೆಯನ್ನು ಕೂಗಿದ, "ಬಾಮ್ಮಿ ಇಲ್ಲಿ."

ಅತ್ತೆ ಏರಿ ದಾಟಿ ಬಂದಳು. ಮಾವ ಜೇಬಿನಿಂದ ತೆಗೆದುಕೊಟ್ಟ ಗೊಣಸನ್ನು ಸೆರಗಿನಲ್ಲಿ ಉಜ್ಜಿದಳು. ತಾನೇ ಗೀರಿದ ಹೂವು.

"ಬಸ್ರಿ ಕಿವಿಗೆ ಸಾವಿನ ಸುದ್ದಿ ಬ್ಯಾಡ ಅಂತ ಸುಳ್ಳೇಳವ್ನೆ ಅಪ್ಪ" ಅಂದಳು. "ಆಮೇಲೆ ಹೇಳಕ್ಕೆ ನಾನೇ ಬುಡಲಿಲ್ಲ." ಅಲ್ಲೇ ಕೂತು ಅತ್ತಳು.

ಭಾನುವಾರ ಮೇಷ್ಟ್ರು ಜೀಪಿನಲ್ಲಿ ಬಂದರು. ನಗಲು ಊರೂ ಸೇರಿತ್ತು. ಮಾವ ತಲೆ ತಗ್ಗಿಸಿ ನಿಂತಿದ್ದ.

"ಎಷ್ಟು ಕೋಟಿ ವರ್ಷದ್ದು ಅಂತೀರಿ ಜವರಯ್ಯನೋರೆ?" ಕೇಳಿದರು ಮೇಷ್ಟ್ರು.

ಅತ್ತೆ ಗಂಡನ ಮುಂದೆ ಬಂದು ನಿಂತಳು.

"ಮೂವತ್ತೆರಡು ವರ್ಸದ್ದು ಸಾ. ನಮ್ಮಪ್ಪ ಮಾರಿರ್ಲಿಲ್ಲ."