ಗಡಿಯಲ್ಲಿ ಮಗ್ಗದ ಸದ್ದು

ನಮ್ಮ ಮೇಷ್ಟ್ರ ಬಲಗಿವಿಯ ಮಡಿಕೆಯಲ್ಲಿ ಸದಾ ಒಂದು ಹತ್ತಿಯ ಚೂರು ಸಿಕ್ಕಿಕೊಂಡಿರುತ್ತಿತ್ತು. ಕಡಲೆಕಾಳಿನಷ್ಟು ದಪ್ಪ, ಅತ್ತರು ಹೀರಿ ಹೀರಿ ಹಳದಿಗಟ್ಟಿದ್ದು. ಅವರಿನ್ನೂ ಕಾರಿಡಾರಿನ ಆ ತುದಿಯಲ್ಲಿದ್ದಾಗಲೇ ಮಲ್ಲಿಗೆಯ ಅತ್ತರು ಈ ತುದಿಯ ನಮ್ಮ ಕ್ಲಾಸಿಗೆ ಬಂದು ಹಾಜರಿ ಹಾಕುತ್ತಿತ್ತು. ಗಲಾಟೆ ಮಾಡುತ್ತಿದ್ದವರು ಮೂಗರಳಿಸಿ, "ಲೇ, ಬಂದ್ರು ಕಣ್ರೋ" ಎಂದು ಜಾಗ ಹಿಡಿಯುತ್ತಿದ್ದರು. ಆ ಹತ್ತಿ ಕಿವಿಯಲ್ಲಿರುವಷ್ಟು ಹೊತ್ತು ಅವರು ಬಹಳ ಒಳ್ಳೆಯವರು. ಅದನ್ನು ತೆಗೆದು ಸೀಮೆಸುಣ್ಣದ ಡಬ್ಬಿಯ ಮುಚ್ಚಳದಲ್ಲಿ ಇಟ್ಟರೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ನಾವು ತಿಳಿಯುತ್ತಿದ್ದೆವು.

ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಅವರು ಪತ್ರಿಕೋದ್ಯಮ ಪಾಠ ಮಾಡುತ್ತಿದ್ದರು. ಊರು ಸೂಲಿಬೆಲೆ. ಬೆಳಗ್ಗೆ ಎರಡು ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಮನೆಯಲ್ಲಿ ಆಡುವುದು ದಖನಿ ಉರ್ದು. ಆದರೆ ನಮ್ಮ ಕನ್ನಡದಲ್ಲಿ ತಪ್ಪು ಹೆಕ್ಕುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವರ ಪಾಠದಲ್ಲಿ ಪತ್ರಿಕೆಗಿಂತ ಹಸುವೇ ಹೆಚ್ಚು ಬರುತ್ತಿತ್ತು.

"ನಮ್ಮಪ್ಪ ನನಗೆ ಹಾಲು ಕರೆಯೋದು ಕಲಿಸಿದ್ದು ಮಬ್ಬಲ್ಲಿ, ದೀಪ ಇಲ್ದೆ" ಎನ್ನುತ್ತಿದ್ದರು. "ತಂಬಿಗೆ ಎಷ್ಟು ತುಂಬ್ತು ಅಂತ ಕಣ್ಣಿಗೆ ಕಾಣಲ್ಲ. ಕಿವಿಗೆ ಗೊತ್ತಾಗುತ್ತೆ. ಖಾಲಿ ತಂಬಿಗೆಗೆ ಬಿದ್ದ ಹಾಲು ಸುಂಯ್ ಅಂತ ಕೂಗುತ್ತೆ. ತುಂಬ್ತಾ ತುಂಬ್ತಾ ನೊರೆ ಆ ಸದ್ದನ್ನ ನುಂಗುತ್ತೆ. ಕಣ್ಣು ಬೇಗ ಮರುಳಾಗುತ್ತಮ್ಮ. ಕಿವಿ ಅಷ್ಟು ಸುಲಭಕ್ಕೆ ಬಗ್ಗಲ್ಲ."

ನಮ್ಮ ಸಿನಿಮಾಗಳನ್ನು ಅವರು ಅಳೆಯುತ್ತಿದ್ದುದೂ ಹೀಗೆಯೇ. ಮೊದಲ ಸಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೇ ಸಲ ಸದ್ದು ಆರಿಸಿ ನೋಡುತ್ತಿದ್ದರು. ಮೂರನೇ ಸಲ ಮಾತ್ರ ಎಲ್ಲರಂತೆ. ಆಮೇಲೆ ಹಾಳೆಯ ಮೂಲೆಯಲ್ಲಿ ಅಂಕವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಪೆನ್ನು ಜೇಬಿನಲ್ಲೇ ಇರುತ್ತಿತ್ತು, ಆದರೆ ನಾವು ತಿದ್ದಿ ತರುವವರೆಗೆ ಅದು ಹೊರಗೆ ಬರುತ್ತಿರಲಿಲ್ಲ.

ಕೊನೆಯ ವರ್ಷ ಪ್ರತಿ ತಂಡವೂ ಒಂದು ಸಿನಿಮಾದ ಮೊದಲ ಮೂರು ನಿಮಿಷವನ್ನಷ್ಟೇ ಮಾಡಬೇಕಿತ್ತು. ಪೂರ್ತಿ ಸಿನಿಮಾ ಯಾಕೆ ಬೇಡವೆಂದು ಯಾರೋ ಕೇಳಿದ್ದಕ್ಕೆ, "ಅನ್ನ ಬೆಂದಿದೆಯಾ ನೋಡೋಕೆ ಪಾತ್ರೆನೆಲ್ಲಾ ತಿನ್ತೀಯೇನಪ್ಪಾ?" ಎಂದರು. ಎಲ್ಲ ತಂಡಗಳ ಪೈಕಿ ಅವರು ಆರಿಸಿದ ಒಂದು ಮಾತ್ರ ಬೆಂಗಳೂರಿನ ಅಂತರಕಾಲೇಜು ಸ್ಪರ್ಧೆಗೆ ಹೋಗುತ್ತಿತ್ತು. ಉಳಿದವರಿಗೆ ಅದೊಂದು ಸ್ಪರ್ಧೆ ಅಷ್ಟೆ. ನನಗೆ ಅದರ ಮೇಲೆ ಇಡೀ ಬದುಕು ನಿಂತಿತ್ತು. ಬೆಂಗಳೂರಿಗೆ ಹೋಗಿ ಸಿನಿಮಾದ ಶಬ್ದಗ್ರಹಣ ಕಲಿಯುತ್ತೇನೆಂದು ನಾನು ಮನೆಯಲ್ಲಿ ಹಟ ಹಿಡಿದಿದ್ದೆ. ನಮ್ಮಪ್ಪ ವಿದ್ಯುತ್ ಮಗ್ಗದ ನೇಕಾರ, ಮಾತು ಕಡಿಮೆ. "ಕಾಲೇಜಿಂದ ನಿನ್ನ ಸಿನಿಮಾನೇ ಆರಿಸಿ ಕಳಿಸಿದ್ರೆ ಹೋಗಮ್ಮ. ಇಲ್ಲಾಂದ್ರೆ ಬಿ.ಎಡ್. ಮಾಡು. ಆಮೇಲೆ ಅಳ್ಬಾರ್ದು" ಎಂದಿದ್ದರು. ಅಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ನಮ್ಮ ತಂಡದ ನಿರ್ದೇಶಕ ಮತ್ತು ನಾಯಕ ಎರಡೂ ಮಂಜನೇ. ಎನ್.ಸಿ.ಸಿ. ಸಮವಸ್ತ್ರ ಅವನೊಬ್ಬನ ಬಳಿ ಇದ್ದುದರಿಂದ ಯುದ್ಧದ ಸಿನಿಮಾ ಎಂದು ತೀರ್ಮಾನವಾಯಿತು. ಊರಾಚೆ ಹೊಸ ಲೇಔಟಿಗೆ ಚರಂಡಿ ಪೈಪು ಹಾಕಲು ತೋಡಿದ್ದ ಕಾಲುವೆ ನಮ್ಮ ಗಡಿಯಾಯಿತು. ಹಸಿ ಹುಲ್ಲು ಸುಟ್ಟು ಹೊಗೆ ಎಬ್ಬಿಸಿದೆವು. ಕಟ್ಟಡ ಕೆಲಸದವರ ಹೆಲ್ಮೆಟ್ಟಿಗೆ ಹಸಿರು ಬಣ್ಣ ಬಳಿದೆವು. ಎರಡನೇ ನಿಮಿಷದಲ್ಲಿ ಮಂಜ ನಾಲ್ಕು ಗುಂಡು ತಿಂದು, ಬಿದ್ದು, ಎದ್ದು, ಸೆಲ್ಯೂಟ್ ಹೊಡೆದು ಮತ್ತೆ ಬೀಳುತ್ತಿದ್ದ. ನೋಡಿ ನಾವೇ ಕಣ್ಣೊರೆಸಿಕೊಂಡೆವು.

ಸದ್ದಿನ ಕೆಲಸ ನನ್ನದು. ಯೋಧನ ಉಸಿರು, ಬಾಯಲ್ಲೇ ಊದಿದ ಗಾಳಿ, ಅವನು ಅಮ್ಮನಿಗೆ ಬರೆದ ಪತ್ರದ ಓದು, ಎಲ್ಲವನ್ನೂ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಧ್ವನಿಮುದ್ರಿಸಿದೆ. ಕಿಟಕಿಗೆ ಎರಡು ಕಂಬಳಿ ಹೊದಿಸಿದೆ. ಫ್ಯಾನ್ ಆರಿಸಿದೆ. ಅಮ್ಮನ ಕುಕ್ಕರನ್ನು ಒಲೆಯಿಂದ ಇಳಿಸಿದೆ. ಎದುರುಮನೆಯ ನಾಯಿ ಬೊಗಳದಿರಲೆಂದು ಬನ್ನು ಹಾಕಿ ಮಲಗಿಸಿದೆ. ಇಷ್ಟು ನಿಶ್ಶಬ್ದವಾದ ಮುದ್ರಣ ಕರ್ನಾಟಕದಲ್ಲೇ ಆಗಿಲ್ಲವೆಂದು ಬೀಗುತ್ತಾ ಕಾಲೇಜಿಗೆ ಒಯ್ದೆ.

ಮೇಷ್ಟ್ರು ಹತ್ತಿ ತೆಗೆದಿಟ್ಟು ಕಣ್ಣು ಮುಚ್ಚಿದರು. ಮೂರು ನಿಮಿಷ ಮುಗಿಯಿತು. ಕ್ಲಾಸು ಚಪ್ಪಾಳೆ ಹೊಡೆಯಿತು. ಅವರು ಕಣ್ಣು ತೆರೆಯದೆಯೇ ಕೇಳಿದರು.

"ಗಡಿಯಲ್ಲಿ ಮಗ್ಗ ಯಾರದಮ್ಮಾ?"

"ಯಾವ ಮಗ್ಗ ಸರ್?"

"ಮೊದಲಿಂದ ಕೊನೇವರೆಗೂ ಓಡ್ತಿದೆಯಲ್ಲ, ಅದು."

ಮತ್ತೆ ಹಾಕಿದೆವು. ನನಗೆ ಉಸಿರು ಕೇಳಿತು, ಗಾಳಿ ಕೇಳಿತು, ಪತ್ರ ಕೇಳಿತು. ಮಗ್ಗ ಕೇಳಲಿಲ್ಲ. ಮಂಜನಿಗೂ ಕೇಳಲಿಲ್ಲ. ಕ್ಲಾಸಿನಲ್ಲಿ ಯಾರಿಗೂ ಕೇಳಲಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರು. ಆಗ ಮಗ್ಗಗಳೇ ಇಲ್ಲದ, ನೆಲಮಂಗಲದ ಆಚೆ ಅರಿಶಿನಕುಂಟೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿದಳು. "ಕೇಳ್ತಿದೆ ಸರ್. ಟಕಟಕ ಅಂತ, ಜೋರಾಗೇ ಕೇಳ್ತಿದೆ."

ನಾನು ಕಂಪ್ಯೂಟರಿಗೆ ಕಿವಿ ಒತ್ತಿದೆ. ಅಯ್ಯೋ ದೇವರೇ. ನಮ್ಮ ಮನೆಯ ಕೆಳಗಿನ ನಾಲ್ಕು ಮಗ್ಗಗಳು, ಪಕ್ಕದವರ ಆರು, ಬೀದಿಯ ಅಷ್ಟೂ ಮಗ್ಗಗಳು ಯೋಧನ ಉಸಿರಿನ ಹಿಂದೆ ಧಾರಾಳವಾಗಿ ಓಡುತ್ತಿದ್ದವು. ಫ್ಯಾನು, ಕುಕ್ಕರು, ನಾಯಿ ಎಲ್ಲವನ್ನೂ ಸುಮ್ಮನಾಗಿಸಿದ್ದ ನನಗೆ ಮಗ್ಗ ನಿಲ್ಲಿಸಬೇಕೆಂದು ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಅದರಲ್ಲೇ ಮಲಗಿ ಎದ್ದವಳಿಗೆ ಅದು ಸದ್ದೇ ಅಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮಗ್ಗದ ಬೀದಿಯವರಿಗೆ ಮಗ್ಗ ಕೇಳುವುದೇ ಇಲ್ಲ.

ಸದ್ದು ಆರಿಸಿ ಒಂದು ಸಲ ನೋಡಿದ ಮೇಲೆ ಮಂಜನ ಸರದಿ. "ಏನಪ್ಪಾ ಯೋಧ, ನೀನ್ಯಾರು ಅಂತ್ಲೇ ನನಗೆ ಗೊತ್ತಿಲ್ಲ. ಗೊತ್ತಾಗೋಕೆ ಮುಂಚೆ ಸತ್ತೋದೆ. ನಾನ್ಯಾಕೆ ಅಳ್ಲಿ? ಯುದ್ಧದಲ್ಲಿ ಏನು ಕಳೆದೋಗುತ್ತೆ ಅನ್ನೋದನ್ನ ಮೊದಲು ತೋರ್ಸು. ಆಮೇಲೆ ಬೇಕಾದ್ರೆ ಸಾಯಿ." ಇಪ್ಪತ್ತೈದಕ್ಕೆ ಒಂಬತ್ತು ಎಂದು ಪೆನ್ಸಿಲ್ಲಿನಲ್ಲಿ ಬರೆದರು. "ಸೋಮವಾರ ಪೆನ್ನಲ್ಲಿ ಬರೀತೀನಿ" ಎಂದು ಹತ್ತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ ಮಂಜ, "ಸೆಲ್ಯೂಟ್ ಅವ್ರಿಗೆ ಅರ್ಥ ಆಗ್ಲಿಲ್ಲ ಗುರು" ಎನ್ನುತ್ತಿದ್ದ. ನನಗೆ ಮಾತ್ರ ಬಿ.ಎಡ್. ಕಣ್ಣ ಮುಂದೆ ಕುಣಿಯುತ್ತಿತ್ತು. ಆ ದಿನ ಮೇಷ್ಟ್ರನ್ನು ಮನಸಾರೆ ಬೈದಿದ್ದೇನೆ, ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮರುದಿನ ಶನಿವಾರ. ಬೆಳಗ್ಗಿನ ಕ್ಲಾಸು ಮುಗಿಸಿದ ಮೇಷ್ಟ್ರು ಬಸ್ ಸ್ಟ್ಯಾಂಡಿನ ಕಡೆ ಹೋಗದೆ ನೇರವಾಗಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಮಲ್ಲಿಗೆ ಅತ್ತರು. ಅಪ್ಪ ಗಾಬರಿಯಾಗಿ, ಮಗಳು ಏನು ಅನಾಹುತ ಮಾಡಿದಳೋ ಎಂದು ನನ್ನ ಮುಖ ನೋಡಿದರು. ಮೇಷ್ಟ್ರು ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಹತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಬಹಳ ಹೊತ್ತು ಕೇಳಿದರು. ಆಮೇಲೆ ಸದ್ದಿನ ಮೇಲೆ ಕೂಗಿ ಕೇಳಿದರು.

"ಯಜಮಾನ್ರೇ, ಇದರಲ್ಲಿ ನಿಮಗೆ ನಿದ್ದೆ ಹೆಂಗೆ ಬರುತ್ತೆ?"

"ಓಡ್ತಿದ್ರೇನೇ ಸಾರ್ ನಿದ್ದೆ" ಎಂದು ಅಪ್ಪ ನಕ್ಕರು. "ನಿಂತ್ರೆ ಎಚ್ಚರ ಆಗ್ಬಿಡುತ್ತೆ. ಕೈಕೂಸೂ ಎದ್ದು ಅಳುತ್ತೆ."

"ಇಡೀ ಬೀದಿದು ಒಟ್ಟಿಗೆ ನಿಲ್ಲೋದು ಯಾವಾಗ?"

"ಎರಡೇ ಸಲ ಸಾರ್. ಕರೆಂಟು ಹೋದಾಗ, ಇಲ್ಲಾ ಬೀದಿಲಿ ಯಾರಾದ್ರೂ ಹೋದಾಗ. ಹೆಣ ಬೀದಿ ದಾಟೋವರೆಗೂ ಯಾರೂ ಓಡ್ಸಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿ ಒಂದು ಸಲ ಹುಬ್ಬೇರಿಸಿದರು, ಅಷ್ಟೆ. ಟೀ ಕುಡಿದು, ಅಮ್ಮನ ಕೈಯ ಚಕ್ಕುಲಿ ಹೊಗಳಿ, ಬಸ್ಸಿಗೆ ಹೊರಟುಹೋದರು. ನಾನು ಅಲ್ಲೇ ನಿಂತಿದ್ದೆ. ಯಾವ ಸದ್ದನ್ನು ಹೇಗೆ ಒರೆಸಿಹಾಕಲಿ ಎಂದು ಒದ್ದಾಡುತ್ತಿದ್ದೆನೋ ಅದೇ ನನ್ನ ಸಿನಿಮಾ ಎಂದು ಹೊಳೆಯಿತು.

ಮಂಜನನ್ನು ಕರೆಸಿ ಹೇಳಿದೆ. ಅವನು ಸಾಯುವಂತಿಲ್ಲ ಎಂಬುದಕ್ಕೆ ಸ್ವಲ್ಪ ಮುನಿಸಿಕೊಂಡ, ಆಮೇಲೆ ಒಪ್ಪಿದ. ಆದರೆ ನನಗೆ ಇಡೀ ಬೀದಿಯ ಮಗ್ಗಗಳು ಒಂದೇ ಕ್ಷಣಕ್ಕೆ ನಿಲ್ಲುವ ಸದ್ದು ಬೇಕಿತ್ತು. ಸಾವಿಲ್ಲದೆ ಬೀದಿ ನಿಲ್ಲಿಸುವುದು ಅಪಶಕುನವೆಂದು ಅಮ್ಮನೇ ಬೇಡ ಎಂದಳು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಬಾಗಿಲು ಬಾಗಿಲಿಗೆ ಹೋಗಿ, "ನನ್ನ ಮಗಳ ಪರೀಕ್ಷೆ ಕಣಪ್ಪ, ಒಂದೇ ನಿಮಿಷ" ಎಂದು ಕೇಳಿಕೊಂಡು ಬಂದರು. ಬಿ.ಎಡ್. ಮಾಡು ಎಂದಿದ್ದ ಅಪ್ಪ ಇವರೇನಾ ಎಂದು ನೋಡುತ್ತಾ ನಿಂತಿದ್ದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅಪ್ಪ ಬೀದಿಯ ನಡುವೆ ನಿಂತು ಕೆಂಪು ಟವೆಲ್ ಎತ್ತಿ ಹಿಡಿದರು. ಟವೆಲ್ ಕೆಳಗಿಳಿದೊಡನೆ ಎಲ್ಲರೂ ಸ್ವಿಚ್ ಆರಿಸಬೇಕು. ಮೊದಲ ಸಲ ಮೂಲೆಮನೆಯವರು ಫೋನಿನಲ್ಲಿ ಮುಳುಗಿ ತಡ ಮಾಡಿ ಕೆಡಿಸಿದರು. ಎರಡನೇ ಸಲ ಟವೆಲ್ ಇಳಿಯಿತು, ಬೀದಿ ಗಕ್ಕನೆ ನಿಂತಿತು. ನಲ್ಲಿಯ ಹನಿ ಕೇಳಿತು. ಯಾರದೋ ಮನೆಯ ಒಗ್ಗರಣೆ ಕೇಳಿತು. ಅಷ್ಟರಲ್ಲಿ ವಿಷಯ ಗೊತ್ತಿರದ ಎದುರುಮನೆಯ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾ ಹೊಸ್ತಿಲಿಗೆ ಬಂದು, ನಡುಗುವ ದನಿಯಲ್ಲಿ ಕೇಳಿತು.

"ಯಾರು ಹೋಗ್ಬಿಟ್ರಪ್ಪಾ?"

ಮೈಕು ನನ್ನ ಕೈಯಲ್ಲಿತ್ತು. ಅದನ್ನು ಅಜ್ಜಿಯ ಕಡೆ ತಿರುಗಿಸಿದೆ. ಆಮೇಲೆ ಅಜ್ಜಿಗೆ ಎಲ್ಲ ತಿಳಿಸಿ ಹೇಳಿದಾಗ, "ನಿನ್ನ ಮನೆ ಹಾಳಾಗ, ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ" ಎಂದು ಬೈದು, ತನ್ನ ದನಿಯನ್ನು ಮೂರು ಸಲ ಹಾಕಿಸಿ ಕೇಳಿತು.

ಸೋಮವಾರ. ಮೇಷ್ಟ್ರು ಹತ್ತಿ ತೆಗೆದರು, ಕಣ್ಣು ಮುಚ್ಚಿದರು. ಪರದೆಯ ಮೇಲೆ ಕಾಲುವೆಯೊಳಗೆ ಕುಳಿತ ಮಂಜ. ಟಕಟಕ ಸದ್ದು. ದೂರದ ಮಷೀನ್ ಗನ್ನಿರಬೇಕು ಅನ್ನಿಸುತ್ತದೆ. ಮಂಜನ ಬೆರಳು ಆ ಲಯಕ್ಕೆ ಬಂದೂಕಿನ ಮೇಲೆ ತಾಳ ಹಾಕುತ್ತದೆ. ಆಮೇಲೆ ನಮ್ಮ ಬೀದಿ, ಓಡುವ ಮಗ್ಗ, ಯೋಧನ ತಾಯಿಯಾಗಿ ನೂಲು ಸುತ್ತುತ್ತಿರುವ ನಮ್ಮಮ್ಮ, ಗೋಡೆಯ ಮೇಲೆ ಸಮವಸ್ತ್ರದಲ್ಲಿರುವ ಮಂಜನ ಫೋಟೋ. ಅವನು ಕಿವಿಯಲ್ಲಿ ತುಂಬಿಕೊಂಡು ಹೋದದ್ದು ಮನೆಯ ಸದ್ದು ಎಂದು ತಿಳಿಯುವಷ್ಟರಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತವೆ.

ಆ ಕ್ಷಣ ಕ್ಲಾಸಿನಲ್ಲಿ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಷ್ಟೂ ಜನ ತಲೆ ಎತ್ತಿ ಫ್ಯಾನಿನ ಕಡೆ ನೋಡಿದರು. "ಕರೆಂಟ್ ಹೋಯ್ತು" ಎಂದು ಒಬ್ಬ ಕೂಗಿಯೇಬಿಟ್ಟ. ಫ್ಯಾನು ತಿರುಗುತ್ತಲೇ ಇತ್ತು. ಮೊನ್ನೆ ಒಬ್ಬಳನ್ನು ಬಿಟ್ಟು ಯಾರಿಗೂ ಕೇಳದಿದ್ದ ಮಗ್ಗ ನಿಂತದ್ದು ಎಲ್ಲರಿಗೂ ಕೇಳಿತ್ತು. ಆ ಮೌನದೊಳಗೆ ಅಜ್ಜಿಯ ದನಿ ಬಂತು. ಪರದೆ ಕಪ್ಪಾಯಿತು. ಚಪ್ಪಾಳೆ ಹೊಡೆಯಲು ಯಾರಿಗೂ ತೋಚಲಿಲ್ಲ.

ಮೇಷ್ಟ್ರು ಎರಡನೇ ಸಲ ಸದ್ದು ಆರಿಸಿ ನೋಡಿದರು, ಮೂರನೇ ಸಲ ಹಾಕಿ ಎನ್ನಲಿಲ್ಲ. ರಬ್ಬರಿನಿಂದ ಒಂಬತ್ತನ್ನು ಉಜ್ಜಿದರು, ಜೇಬಿನಿಂದ ಪೆನ್ನು ತೆಗೆದು ಇಪ್ಪತ್ತಮೂರು ಎಂದು ಬರೆದರು. "ಹೆಲ್ಮೆಟ್ಟಿಗೆ ಎರಡು ಮಾರ್ಕು ಕಳೆದಿದ್ದೀನಿ. ಅದು ಇನ್ನೂ ಕಟ್ಟಡ ಕೆಲಸದ್ದೇ" ಎಂದರು. ಕಣ್ಣು ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಹತ್ತಿಯನ್ನು ಮುಚ್ಚಳದಲ್ಲೇ ಮರೆತು ಹೋದರು. ನಾನು ಓಡಿಹೋಗಿ ಕೊಟ್ಟು ಬಂದೆ.

ಬೆಂಗಳೂರಿನ ಸ್ಪರ್ಧೆಗೆ ನಮ್ಮದೇ ಹೋಯಿತು. ಮಗ್ಗವನ್ನೇ ಕಾಣದ ಅಲ್ಲಿನವರಿಗೆ ಏನು ಅರ್ಥವಾದೀತೆಂದು ನಾನು ಹೆದರಿ ಉಗುರು ಕಚ್ಚುತ್ತಿದ್ದೆ. ಸದ್ದು ನಿಂತಾಗ ಆ ದೊಡ್ಡ ಸಭಾಂಗಣವೂ ಉಸಿರು ಬಿಗಿಹಿಡಿಯಿತು. ಮೊದಲ ಬಹುಮಾನಕ್ಕೆ ನಮ್ಮ ಕಾಲೇಜಿನ ಹೆಸರು ಕೂಗಿದಾಗ ಕೊನೆಯ ಸಾಲಿನಿಂದ ಒಂದು ಶಿಳ್ಳೆ ಬಂತು. ತಿರುಗಿ ನೋಡಿದರೆ ನಮ್ಮಪ್ಪ! ಅವರಿಗೆ ಶಿಳ್ಳೆ ಹೊಡೆಯಲು ಬರುತ್ತದೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಕಡೆ ನೋಡುತ್ತಾ, "ಅರ್ಜಿ ಹಾಕೋಕೆ ಯಾವತ್ತು ಕಡೇ ದಿನ?" ಎಂದರು.

ಈಗ ಸಿನಿಮಾಗಳ ಶಬ್ದವೇ ನನ್ನ ಕಸುಬು. ಮೇಷ್ಟ್ರು ನಿವೃತ್ತರಾಗಿ ಸೂಲಿಬೆಲೆಯಲ್ಲಿದ್ದಾರೆ, ಒಂದೇ ಹಸು ಇಟ್ಟುಕೊಂಡಿದ್ದಾರೆ. ನಾನು ಕೆಲಸ ಮಾಡಿದ ಯಾವ ಸಿನಿಮಾವೂ ಕೊನೆಯ ಮುದ್ರಣಕ್ಕೆ ಮುಂಚೆ ಸೂಲಿಬೆಲೆಗೆ ಹೋಗದೆ ಇರುವುದಿಲ್ಲ. ಹೋದ ತಿಂಗಳು ಹೋದಾಗ ಅವರ ಮನೆಯವರು ಒಳಗಿನಿಂದ, "ಜೋರಾಗಿ ಮಾತಾಡಮ್ಮ, ಇವ್ರಿಗೆ ಈಗ ಕಿವಿ ಮಂದ" ಎಂದರು. ಮೇಷ್ಟ್ರು ಜಗಲಿಯ ಕಂಬಕ್ಕೊರಗಿ, ಹತ್ತಿ ತೆಗೆದು ನನ್ನ ಅಂಗೈಗೆ ಹಾಕಿ, ನನ್ನ ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚಿದರು. ಎರಡು ಗಂಟೆ ಅಲುಗಾಡಲಿಲ್ಲ. ನಿದ್ದೆ ಹೋದರೇನೋ ಎಂದುಕೊಂಡೆ. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಎರಡು ಮಾರ್ಕು ಕಳೆದಿದ್ದೀನಿ" ಎಂದರು.

"ಯಾಕೆ ಸರ್?"

"ಆ ಹುಡುಗಿ ಹಾಲು ಕರೆಯೋಕೆ ಈಗಷ್ಟೇ ಕೂತಿದ್ದಾಳೆ. ತಂಬಿಗೆ ಖಾಲಿ, ಕೆಳಗಿಟ್ಟಾಗ ಟಣ್ ಅಂದಿತು. ಹಾಲಿನ ಸದ್ದು ಮಾತ್ರ ಆಗ್ಲೇ ನೊರೆ ತುಂಬಿದ್ದು."

ಮಂದವಾದ ಕಿವಿಯಂತೆ! ಸ್ಟುಡಿಯೋದಲ್ಲಿ ಏಳು ಜನ ಕೇಳಿ ಒಪ್ಪಿದ್ದ ಸದ್ದು ಅದು. ನಾನು ನಕ್ಕುಬಿಟ್ಟೆ. ಹತ್ತಿಯನ್ನು ಹಿಂದಕ್ಕೆ ಕೊಡಲು ಮುಷ್ಟಿ ಬಿಚ್ಚಿದೆ. ಅವರು ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳದೆ ಎದ್ದು ಒಳಗಿನಿಂದ ತಂಬಿಗೆ ತಂದರು.

"ಪೆನ್ಸಿಲ್ಲಲ್ಲೇ ಬರೆದಿದ್ದೀನಮ್ಮ. ಮೈಕು ತಗೊಂಡು ಬಾ" ಎಂದು ಕೊಟ್ಟಿಗೆಯ ಕಡೆ ನಡೆದರು.