ಹೊರಗಿಟ್ಟ ಎಲೆ

ಪುಣೆಯ ಸದಾಶಿವ ಪೇಠದ ಹಳೇ ವಾಡೆಯಲ್ಲಿ ನಮ್ಮದು ಎರಡೇ ಕೋಣೆ. ವರ್ಷಕ್ಕೊಮ್ಮೆ, ದೀಪಾವಳಿ ಅಮಾವಾಸ್ಯೆಯ ಸಂಜೆ, ಅದರಲ್ಲೊಂದನ್ನು ಸತ್ತವರಿಗೆ ಬಿಟ್ಟುಕೊಡುತ್ತಿದ್ದೆವು. ಉಡುಪಿ ಕಡೆಯಿಂದ ಬಂದ ನಮ್ಮ ಮನೆಯ ಪದ್ಧತಿ ಅದು. ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಬಾಳೆಲೆ ಹಾಕಿ, ಅಜ್ಜ, ಅಜ್ಜಿ, ಅವರ ಹಿಂದಿನವರಿಗೆ ನೀರುದೋಸೆ, ಕೋಳಿಸಾರು ಬಡಿಸಿ, ಕಿಟಕಿ ಮುಚ್ಚಿ, ಬಾಗಿಲೆಳೆದುಕೊಂಡು ಹೊರಗೆ ಕೂರಬೇಕು. ಹಿರಿಯರು ಬಂದು ಉಣ್ಣುತ್ತಾರೆ. ಅವರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಆಮೇಲೆ ಒಳಗೆ ಹೋಗಬೇಕು. ನಡುವೆ ತೆರೆದರೆ ಉಣ್ಣುವವರನ್ನು ಎಬ್ಬಿಸಿದ ಹಾಗೆ. ನಮ್ಮ ಊಟ ಅದಾದ ಮೇಲೆಯೇ.

ಆ ವರ್ಷ ಅಪ್ಪ ಇರಲಿಲ್ಲ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅದು ಕೈತಪ್ಪಿದ ಮೇಲೆ ಮನೆಯಲ್ಲಿ ಮಾತೇ ಬಿಟ್ಟರು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೋದವರು ತಿರುಗಿ ಬರಲಿಲ್ಲ. ಫೋನು ಬಂದ್. ಪೊಲೀಸರಿಗೂ ಸುಳಿವು ಸಿಗಲಿಲ್ಲ. ಅಮ್ಮ ಮಾತ್ರ ದಿನಾ ದೇವರ ಮುಂದೆ ದೀಪ ಹಚ್ಚಿ, "ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ, ನೋಡಿಕೋ" ಎಂದು, ಪಕ್ಕದ ಮನೆಯವರಿಗೆ ಮಗು ಒಪ್ಪಿಸಿದ ಹಾಗೆ ಹೇಳಿ ತನ್ನ ಕೆಲಸಕ್ಕೆ ಏಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಾನು ದೇವರ ಜೊತೆ ಟೂ ಬಿಟ್ಟಿದ್ದೆ.

ಆ ಸಂಜೆ ಅಪ್ಪನ ಅಕ್ಕ, ನನ್ನ ಅತ್ತೆ, ಬಂದಿದ್ದರು. ಅಡುಗೆಮನೆಯಲ್ಲಿ ಬಾಳೆಲೆ ಒರೆಸುತ್ತಾ ಮೆಲ್ಲಗೆ ಅಂದರು, "ಅವನಿಗೂ ಇಲ್ಲೇ ಒಂದು ಎಲೆ ಹಾಕುವ ಮಾರಾಯ್ತಿ. ಹಸಿದುಕೊಂಡು ಅಲೆಯುವುದು ಬೇಡ."

ಅಮ್ಮನ ಕೈ ನಿಂತಿತು. "ಇಲ್ಲ ಅತ್ತಿಗೆ. ಅವರ ಎಲೆ ಹೊರಗೆ, ನಮ್ಮ ಸಾಲಲ್ಲಿ. ಕರಕೊಂಡು ಬರುವುದು ದೇವರ ಕೆಲಸ. ಅವನು ಮಾಡ್ತಾನೆ."

ಎಲ್ಲಕ್ಕಿಂತ ದೊಡ್ಡ ಎಲೆಯನ್ನು ತಂದು ಹೊರಕೋಣೆಯಲ್ಲಿ ನನ್ನ ಎಲೆಯ ಪಕ್ಕ ಹಾಸಿದಳು. ನನಗೆ ಭಯವಾಯಿತು. ಅಪ್ಪ ಬಾಗಿಲಿನ ಯಾವ ಕಡೆಯವರು ಎಂದು ಯಾರಿಗೆ ಗೊತ್ತಿತ್ತು?

ಬಡಿಸಿ ಬಾಗಿಲು ಮುಚ್ಚಿದೆವು. ಅಂಗಳದ ಪಟಾಕಿಗಳೂ ಯಾಕೋ ನಿಂತಿದ್ದವು. ಆಗ ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಅಮ್ಮ ತನ್ನ ಫೋನನ್ನು ಒಲೆಯ ಪಕ್ಕ ಮರೆತು ಬಂದಿದ್ದಳು.

ನಾನು ದಡಕ್ಕನೆ ಎದ್ದೆ. ಅತ್ತೆ ತೋಳು ಹಿಡಿದರು. "ಬಾಗಿಲು ಮುಟ್ಟಬೇಡ! ಅವರು ಉಣ್ತಾ ಇದ್ದಾರೆ."

"ಅಪ್ಪನದ್ದಾದರೆ?" ಎಂದು ಕಿರುಚಿದೆ.

ಅಮ್ಮನ ಕೈ ಬಾಗಿಲವರೆಗೆ ಹೋಗಿ ಹಿಂದೆ ಬಂತು. "ದೇವರು ಮಾಡಿಸಿದ್ದಾದರೆ ಮತ್ತೆ ಬರ್ತದೆ. ಕೂತುಕೋ" ಎಂದಳು. ಆ ಗಳಿಗೆಯಲ್ಲಿ ಅವಳಷ್ಟು ಕಲ್ಲುಮನಸ್ಸಿನವರು ಲೋಕದಲ್ಲೇ ಇಲ್ಲ ಅನಿಸಿತು.

ಫೋನು ನಿಂತಿತು. ಮತ್ತೆ ಶುರುವಾಯಿತು. ಈ ಸಲ ನಡುವೆಯೇ ಸದ್ದು ಕಡಿಯಿತು, ಯಾರೋ ಎತ್ತಿಕೊಂಡ ಹಾಗೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊತ್ತಾದ ಮೇಲೆ ಅಮ್ಮ ಬಾಗಿಲು ತಟ್ಟಿ, ಕೆಮ್ಮಿ, ತೆರೆದಳು. ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು. ದೀಪ ನೆಟ್ಟಗೆ ಉರಿಯುತ್ತಿತ್ತು. ನಾನು ಓಡಿ ಫೋನು ಎತ್ತಿಕೊಂಡೆ. ಗುರುತಿಲ್ಲದ ನಂಬರು. ಮೊದಲಿನದು ಮಿಸ್ಡ್ ಕಾಲ್. ಎರಡನೆಯದು ಹಾಗಲ್ಲ. ಯಾರೋ ತೆಗೆದು, ಕೆಲವು ನಿಮಿಷ ಹಿಡಿದಿದ್ದ ಕರೆ.

ಅಮ್ಮ ಆ ನಂಬರಿಗೆ ಹಚ್ಚಿದಳು. ಎತ್ತಿದವನು ಜೇಜುರಿಯಲ್ಲಿ ದೇವಸ್ಥಾನದ ಮೆಟ್ಟಿಲ ಹತ್ತಿರ ಭಂಡಾರದ ಅರಿಶಿನಪುಡಿ ಮಾರುವವನಂತೆ. ಮರಾಠಿಯಲ್ಲಿ ಹೇಳಿದ: ಒಬ್ಬರು ಫೋನು ಕೇಳಿ ಇಸಕೊಂಡರು, ಬಹಳ ಹೊತ್ತು ಕಿವಿಗೆ ಹಿಡಿದು ನಿಂತರು, ಅತ್ತರು, ಪುಣೆ ಬಸ್ಸು ಯಾವುದೆಂದು ಕೇಳಿಕೊಂಡು ಹೋದರು.

ಅಮ್ಮ ನಮಗೆ ಬಡಿಸಲಿಲ್ಲ. ನಾಲ್ಕು ಎಲೆಗಳ ಮುಂದೆ ಮೂವರೇ ಕೂತೆವು.

ರಾತ್ರಿ ಬಹಳವಾದ ಮೇಲೆ ಅಪ್ಪ ಬಂದರು. ಗಡ್ಡಕ್ಕೆಲ್ಲ ಅರಿಶಿನ ಮೆತ್ತಿತ್ತು, ಎಲುಬಿನ ಹಂದರವಾಗಿದ್ದರು. ನಲ್ಲಿಯಲ್ಲಿ ಕಾಲು ತೊಳೆದು, ಯಾರೂ ತೋರಿಸದೆ, ನೇರ ಆ ದೊಡ್ಡ ಎಲೆಯ ಮುಂದೆ ಕೂತರು. ನನಗೆ ಅಳು ಉಕ್ಕಿ ಬಂತು. ಅಮ್ಮ ದೇವರ ಕಡೆಗೊಮ್ಮೆ ನೋಡಿ, ಅವರ ಎಲೆಗೆ ದೋಸೆ ಬಡಿಸಿದಳು.

ಒಂದು ತುತ್ತು ಉಂಡು ಅಪ್ಪ ಹೇಳಿದರು, "ಕರ್ನಾಟಕದ ಭಕ್ತರು ಕನ್ನಡ ಮಾತಾಡುವುದು ಕೇಳಿ ಮನೆ ನೆನಪಾಯ್ತು. ಬರಲಿಕ್ಕೆ ಮುಖ ಇರಲಿಲ್ಲ. ನೀವು ಫೋನು ತೆಗೆದಿರಿ, ಆದರೆ ಯಾರೂ ಮಾತಾಡಲಿಲ್ಲ. ಊಟದ ಸದ್ದು ಮಾತ್ರ ಕೇಳ್ತಾ ಇತ್ತು. ತುಂಬಾ ಜನ ಕೂತು ಉಣ್ತಾ ಇದ್ದ ಹಾಗೆ. ನನ್ನದೂ ಒಂದು ಎಲೆ ಇರಬಹುದು ಅಂತ ಧೈರ್ಯ ಬಂತು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇತ್ತಲ್ಲ" ಎಂದು ಅಮ್ಮ ಸಾರು ಹಾಕಿದಳು. "ಉಣ್ಣಿ."

ನಮ್ಮ ಮೂವರ ಎಲೆಗಳು ಇನ್ನೂ ಖಾಲಿಯೇ ಇದ್ದವು.